ಹಣೆಯ ಮೇಲಿನ ನೇರಳೆ ಗೆರೆ

ರೋಗಿಯ ಹಣೆಯ ಮೇಲೆ ಬರೆಯಬೇಡ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ನರ್ಸಿಂಗ್ ಹೋಮಿನ ಯಜಮಾನರು ಹೇಳಿದರು, ಅವರ ಹೆಂಡತಿ ಹೇಳಿದರು, ಶಿವಬಸವ ನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಸಂಜೆ ಬಂದು ಕೂರುತ್ತಿದ್ದ ಅಪ್ಪನ ಗೆಳೆಯರೂ ಹೇಳಿದರು. ಎಲ್ಲರ ಮಾತನ್ನೂ ಕೇಳಿಸಿಕೊಂಡೆ, ಆದರೆ ಬರೆಯುವುದನ್ನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ತಿಳಿಯಬೇಕಾದರೆ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಗೋಡೆ ಕುಸಿದ ದಿನ ನಡೆದದ್ದನ್ನು ಹೇಳಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸೈನ್ಯದ ವೈದ್ಯಕೀಯ ದಳದಲ್ಲಿ ಕ್ಯಾಪ್ಟನ್ ಆಗಿದ್ದ ನಾನು ಅವಧಿ ಮುಗಿಸಿ ಬಂದು ಬೆಳಗಾವಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಅದರ ಯಜಮಾನರು ಸ್ವತಃ ಸರ್ಜನ್. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಹೆಣ್ಣು ಡಾಕ್ಟರ್ ಸಿಕ್ಕಳು, ಇನ್ನು ಹೆರಿಗೆ ಕೇಸುಗಳಿಗೆ ಚಿಂತೆಯಿಲ್ಲ ಎಂದು ಅವರು ನನ್ನನ್ನು ತೆಗೆದುಕೊಂಡಿದ್ದರು. ಹೆರಿಗೆಯನ್ನೂ ಮಾಡಿಸುತ್ತಿದ್ದೆ, ಅದೇನು ಬಾರದ ವಿದ್ಯೆಯಲ್ಲ. ಆದರೆ ನನ್ನ ಕೈ ಪಳಗಿದ್ದು ಬೇರೆಯದರಲ್ಲಿ. ಗುಡ್ಡದ ದಾರಿಯಲ್ಲಿ ಉರುಳಿದ ಲಾರಿಯಿಂದ ಒಟ್ಟೊಟ್ಟಿಗೆ ಬಂದಿಳಿಯುವ ಗಾಯಾಳುಗಳಲ್ಲಿ ಯಾರು ಮೊದಲು, ಯಾರು ಆಮೇಲೆ ಎಂದು ನಿಂತಲ್ಲೇ ತೀರ್ಮಾನಿಸುವುದು ನನಗೆ ಕಲಿಸಿಕೊಟ್ಟ ಕೆಲಸ.

ಆಗಿನ ಖಾಸಗಿ ದವಾಖಾನೆಗಳಲ್ಲಿ ಅಪಘಾತದ ಕೇಸು ಎಂದರೆ ಬಾಗಿಲು ಅರ್ಧ ಮುಚ್ಚುತ್ತಿತ್ತು. ಪೊಲೀಸು, ಪಂಚನಾಮೆ, ಕೋರ್ಟಿನ ಸಾಕ್ಷಿ ಯಾರಿಗೆ ಬೇಕು? ನಾನು ಜಗಳ ಮಾಡಿ, ಮುರಿದ ಮಂಚಗಳನ್ನು ತುಂಬಿಟ್ಟಿದ್ದ ಬಾಗಿಲ ಪಕ್ಕದ ಒಂದು ಕೋಣೆಯನ್ನು ಖಾಲಿ ಮಾಡಿಸಿ ತುರ್ತು ಕೋಣೆ ಮಾಡಿಕೊಂಡಿದ್ದೆ. ದೊಡ್ಡ ಡಾಕ್ಟರು ಬಂದು ಇಣುಕಿ, "ಇಲ್ಲೇನ್ ಲಡಾಯಿ ನಡದೈತೇನ್ರಿ ಕ್ಯಾಪ್ಟನ್ ಬಾಯಿ?" ಎಂದು ನಕ್ಕು ಹೋಗಿದ್ದರು. ಆ ಕೋಣೆಯ ಕಪಾಟಿನಲ್ಲಿ ಒಂದು ಸಣ್ಣ ಸೀಸೆಯಲ್ಲಿ ನೇರಳೆ ಔಷಧವಿರುತ್ತಿತ್ತು. ಮಕ್ಕಳ ಬಾಯಿ ಹುಣ್ಣಿಗೆ ಹಚ್ಚುತ್ತಾರಲ್ಲ, ಅದೇ. ಸೈನ್ಯದಲ್ಲಿ ಗಾಯಾಳುಗಳ ಹಣೆಯ ಮೇಲೆ ಗುರುತು ಹಾಕುತ್ತಿದ್ದೆವು. ಚೀಟಿ ಕಳೆದುಹೋಗುತ್ತದೆ, ಅಂಗಿಯನ್ನು ಕತ್ತರಿಸಿ ಬಿಸಾಡುತ್ತಾರೆ. ಹಣೆ ಮಾತ್ರ ರೋಗಿಯ ಜೊತೆಗೇ ಬರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ.

ವಾರಕ್ಕೊಂದು ದಿನ ನಮ್ಮ ಮೆಟಾಡೋರ್ ವ್ಯಾನಿನಲ್ಲಿ ಖಾನಾಪುರಕ್ಕೆ ಹೋಗಿ ಒಂದು ಬಾಡಿಗೆ ಕೋಣೆಯಲ್ಲಿ ರೋಗಿಗಳನ್ನು ನೋಡಿ ಬರುತ್ತಿದ್ದೆ. ಜೊತೆಗೆ ಒಬ್ಬ ಸಿಸ್ಟರ್, ಒಬ್ಬ ಡ್ರೈವರ್. ಆ ದಿನ ಬೆಳಿಗ್ಗೆ ಇನ್ನೂ ನಾಲ್ಕಾರು ಕೆಮ್ಮು-ನೆಗಡಿ ನೋಡುವಷ್ಟರಲ್ಲಿ ಹೊರಗೆ ಗದ್ದಲ ಕೇಳಿತು. ಮೈತುಂಬ ಕೆಂಪು ಧೂಳು ಮೆತ್ತಿಕೊಂಡ ಒಬ್ಬ ಮನುಷ್ಯ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ.

"ಡಾಕ್ಟರ ಬಾಯಿ, ಲಗೂನ ಬರ್ರಿ. ಭಟ್ಟಿ ಗ್ವಾಡಿ ಬಿದ್ದೈತಿ. ಮಂದಿ ಸಿಕ್ಕೊಂಡಾರ."

ಸುಟ್ಟ ಹಂಚುಗಳನ್ನು ಹೊರಗೆ ತೆಗೆಯುತ್ತಿದ್ದಾಗ ಭಟ್ಟಿಯ ಹೊರಗೋಡೆ ಒಂದು ಮಗ್ಗುಲಿಗೆ ಕುಸಿದಿತ್ತು. ನಾವು ಹೋಗುವಷ್ಟರಲ್ಲಿ ಇಟ್ಟಿಗೆ ಸರಿಸಿ ಎಲ್ಲರನ್ನೂ ಹೊರಗೆಳೆದಿದ್ದರು. ಹೆಚ್ಚಿನವರಿಗೆ ತರಚು ಗಾಯ. ಮೂವರನ್ನು ಮಾತ್ರ ಬೆಳಗಾವಿಗೆ ಒಯ್ಯಬೇಕಿತ್ತು.

ಒಬ್ಬ ಕಾರ್ಖಾನೆಯ ಸಾಹುಕಾರ. ಪಾಳಿ ನೋಡಲು ಬಂದು ನಿಂತಿದ್ದವನ ಮುಂಗೈ ಮೇಲೆ ಇಟ್ಟಿಗೆ ಬಿದ್ದು ಎಲುಬು ಮುರಿದಿತ್ತು. ಕಾರ್ಖಾನೆ ತನ್ನದೇ ಆದ್ದರಿಂದ ಅವನ ಕೂಗು ಎಲ್ಲರದಕ್ಕಿಂತ ದೊಡ್ಡದಾಗಿತ್ತು. ಇನ್ನೊಬ್ಬ ಕೂಲಿಯಾಳು. ಮೊಣಕಾಲ ಕೆಳಗೆ ಎಲುಬು ಮುರಿದು ಹೊರಗೆ ಬಂದು ರಕ್ತ ಸುರಿಯುತ್ತಿತ್ತು, ಅವನೂ "ಅವ್ವಾ" ಎಂದು ಕೂಗುತ್ತಿದ್ದ. ಅವನ ತಲೆಯ ಹತ್ತಿರ ತಾಯಿ ಕೂತಿದ್ದಳು, ಅವಳೂ ಅಲ್ಲೇ ಕೆಲಸದವಳು. ಮೂರನೆಯವಳು ಅವನ ಹೆಂಡತಿ. ಹಂಚಿನ ರಾಶಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ ಸುಮ್ಮನೆ ಕೂತಿದ್ದಳು. ಮೈಮೇಲೆ ಒಂದು ಹನಿ ರಕ್ತವಿಲ್ಲ. "ಆಕೀಗೆ ಏನೂ ಆಗಿಲ್ರಿ, ಹೆದರ್ಯಾಳ ಅಷ್ಟ," ಎಂದರು ಯಾರೋ.

ನನಗೆ ಕಲಿಸಿದ ಮೇಜರ್ ಸಾಹೇಬರು ಒಂದು ಮಾತನ್ನು ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದಿದ್ದರು. ಕೂಗುವವನಿಗೆ ಉಸಿರಿದೆ, ಸುಮ್ಮನಿರುವವನ ಹತ್ತಿರ ಮೊದಲು ಹೋಗು. ಹೋದೆ. ಅವಳ ಕೈ ತಣ್ಣಗಿತ್ತು, ಹಣೆಯ ಮೇಲೆ ಸಣ್ಣ ಬೆವರು. ನಾಡಿ ದಾರದೆಳೆಯ ಹಾಗೆ ತೆಳ್ಳಗೆ ಓಡುತ್ತಿತ್ತು.

"ಎಲ್ಲಿ ನೋಯ್ತೈತಿ ತಂಗಿ?"

"ಹೆಗಲ್ರಿ… ಎಡಗಡೆ ಹೆಗಲು. ನೀರ್ ಕೊಡ್ರಿ."

ಹೆಗಲಿಗೆ ಏಟು ಬಿದ್ದಿರಲಿಲ್ಲ. ಎಡಪಕ್ಕೆಯ ಕೆಳಗೆ ಮುಟ್ಟಿದಾಗ ಮಾತ್ರ ಮೈ ಸೆಟೆಯಿತು. ಪಕ್ಕೆಗೆ ಏಟು ಬಿದ್ದು, ನೋವು ಹೆಗಲಲ್ಲಿ ಕಾಣಿಸಿದರೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರ್ಥ. ಹೊರಗೆ ಹನಿ ರಕ್ತ ಕಾಣದ ಇವಳು ಒಳಗೊಳಗೇ ಖಾಲಿಯಾಗುತ್ತಿದ್ದಳು. ಹೊಟ್ಟೆ ತೆರೆಯದೆ ಬೇರೆ ದಾರಿಯಿರಲಿಲ್ಲ.

ಸಿಸ್ಟರ್ ಸಲಾಯಿನ್ ಬಾಟಲಿ ಏರಿಸುವಾಗ ನಾನು ಗುರುತು ಹಾಕತೊಡಗಿದೆ. ಸಾಹುಕಾರನ ಕೈಗೆ ರಟ್ಟು ಕಟ್ಟಿ, ಬೆರಳುಗಳಲ್ಲಿ ರಕ್ತ ಓಡುತ್ತಿದೆಯೆಂದು ನೋಡಿ, ಹಣೆಗೆ ನೆಟ್ಟಗೆ ಮೂರು ಗೆರೆ ಎಳೆದೆ. ಕಾಲು ಮುರಿದವನಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಬಿದಿರ ಪಟ್ಟಿ ಕಟ್ಟಿ, ನೋವಿನ ಇಂಜೆಕ್ಷನ್ ಕೊಟ್ಟು ಎರಡು ಗೆರೆ. ಆಮೇಲೆ ಇವಳ ಹತ್ತಿರ ಬಂದೆ. ಹಣೆಯ ತುಂಬ ಕುಂಕುಮ ಬೆವರಿಗೆ ಕರಗಿ ಹರಡಿತ್ತು, ಅದರ ಮೇಲೆ ಔಷಧ ನಿಲ್ಲುವುದಿಲ್ಲ. ಸ್ಪಿರಿಟಿನ ಹತ್ತಿಯಿಂದ ಒಂದೇ ಸಲಕ್ಕೆ ಒರೆಸಿ ಒಂದು ಗೆರೆ ಎಳೆದೆ.

ಪಕ್ಕಕ್ಕೆ ಬರೆಯಬಹುದಿತ್ತಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ನಾನು ಬರೆದು ರೂಢಿಯಿದ್ದದ್ದು ಸಿಪಾಯಿಗಳ ಹಣೆ. ಅಲ್ಲಿ ಒರೆಸುತ್ತಿದ್ದದ್ದು ಮಣ್ಣು, ಬೆವರು, ರಕ್ತ. ಕೈ ತನ್ನ ರೂಢಿಯ ಪ್ರಕಾರ ಹೋಯಿತು.

ಮಗನ ತಲೆಯ ಹತ್ತಿರ ಕೂತಿದ್ದ ಅತ್ತೆ ಎದ್ದು ಬಂದ ರಭಸಕ್ಕೆ ಸಿಸ್ಟರ್ ಹಿಂದೆ ಸರಿದಳು.

"ಏನ್ ಮಾಡಿದಿ ಬಾಯಿ! ನನ್ನ ಮಗಾ ಅಲ್ಲಿ ಜೀಂವಾ ಹಿಡ್ಕೊಂಡು ಮಲಗ್ಯಾನ, ನೀ ಇಲ್ಲಿ ಸೊಸಿ ಕುಂಕುಮ ಅಳಸ್ತಿ? ಆಂವ ಸತ್ತಾನೇನು?"

ಅತ್ತೆಯ ಹಣೆ ಬರಿದಾಗಿತ್ತು, ಗಂಡ ಸತ್ತವಳು. ತನ್ನ ಕುಂಕುಮವನ್ನು ಇನ್ನೊಬ್ಬರ ಕೈ ಒರೆಸಿದ ದಿನ ಅವಳ ಕಣ್ಣೆದುರಿಗೇ ಬಂದಿರಬೇಕು. ಸುತ್ತಲಿನ ಹೆಂಗಸರು ಒಂದಾದರು. ಒಬ್ಬಳು ಸೊಸೆಯ ತೋಳು ಹಿಡಿದುಕೊಂಡಳು, ಇನ್ನೊಬ್ಬಳು ಸಲಾಯಿನ್ ಬಾಟಲಿಯನ್ನೇ ಕಿತ್ತುಕೊಳ್ಳಲು ಬಂದಳು. ಕುಂಕುಮ ಅಳಿಸಿದ ಕೈಗೆ ಆಕೆಯನ್ನು ಕೊಡುವುದಿಲ್ಲ ಎಂದು ಮರಾಠಿಯಲ್ಲಿ, ಕನ್ನಡದಲ್ಲಿ, ಎರಡನ್ನೂ ಬೆರೆಸಿ ಕೂಗಿದರು. ನನಗೆ ಮೈ ಉರಿಯಿತು. ಅವರ ಮೇಲಲ್ಲ, ನಾವು ಮಾತಾಡುತ್ತ ನಿಂತಷ್ಟೂ ಒಳಗೆ ಸೋರಿಹೋಗುತ್ತಿದ್ದ ರಕ್ತಕ್ಕಾಗಿ. ಕೈ ಮುಗಿದು ತಪ್ಪಾಯಿತು ಎನ್ನಲು ಡ್ರೈವರ್ ಸನ್ನೆ ಮಾಡುತ್ತಿದ್ದ. ನಾನು ಕೈ ಮುಗಿಯಲಿಲ್ಲ.

"ಕುಂಕುಮ ತರ್ರಿ," ಎಂದೆ. "ನೀವ ಹಚ್ಚರಿ. ಬೇಕಾದಷ್ಟು ಹಚ್ಚರಿ. ಆದ್ರ ಮ್ಯಾಲಿನ ಈ ಗೆರಿ ಮುಟ್ಟಬ್ಯಾಡ್ರಿ. ಈ ಒಂದ ಗೆರಿ ಅಂದ್ರ ಎಲ್ಲಾರಕಿಂತ ಮೊದಲ ಈಕಿ."

"ಮತ್ತ ನನ್ನ ಮಗಗ ಎರಡ ಎಳದೀರಿ?"

"ಹೂಂ. ಆಂವ ಎರಡನೇದಾಂವ. ನಿಮ್ಮ ಮಗಾ ಕೂಗಾಕತ್ತಾನ, ಕಿವಿಗೆ ಬೀಳಾಕತ್ತೈತಲ್ಲ? ಈಕೀನ್ನ ನೋಡ್ರಿ. ಕೂಗಾಕೂ ತ್ರಾಣ ಉಳಿದಿಲ್ಲ."

ಅತ್ತೆ ಒಮ್ಮೆ ಮಗನ ಕಡೆ ನೋಡಿದಳು, ಒಮ್ಮೆ ಸೊಸೆಯ ಕಡೆ. ಆ ಹೊತ್ತಿನಲ್ಲಿ ಅವಳ ಮನಸ್ಸಿನಲ್ಲಿ ಏನು ಹಾಯಿತೋ ನನಗೆ ಗೊತ್ತಿಲ್ಲ. ಮಗನನ್ನು ಬಿಟ್ಟು ಸೊಸೆಯನ್ನು ಮೊದಲು ಎತ್ತಿ ಎಂದು ಯಾವ ತಾಯಿಗೂ ಹೇಳುವುದು ಸುಲಭವಲ್ಲ, ನಾನು ಹೇಳಿದ್ದೆ. ಅವಳು ಪಕ್ಕದ ಮುತ್ತೈದೆಯೊಬ್ಬಳ ಕೈ ಹಿಡಿದು ಎಳೆದಳು. ಆ ಹೆಂಗಸು ತನ್ನ ಹಣೆಯಿಂದಲೇ ಬೆರಳಲ್ಲಿ ಕುಂಕುಮ ತೆಗೆದು ಸೊಸೆಯ ಹುಬ್ಬುಗಳ ನಡುವೆ ಒತ್ತಿದಳು. ಮೇಲೆ ನೇರಳೆ ಗೆರೆ, ಕೆಳಗೆ ಕೆಂಪು ಬೊಟ್ಟು.

"ಎತ್ರಿ," ಎಂದಳು ಅತ್ತೆ. ಎತ್ತಿದೆವು.

ಅಷ್ಟರಲ್ಲಿ ಸಾಹುಕಾರ ತನ್ನ ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದ. "ವಿಭೂತಿ ಹಚ್ಚೂ ಹಣಿಗೆ ನಾಮಾ ಎಳದಾಳಲ್ಲೋ ಈಕಿ! ಅದೂ ನನಗ ಮೂರನೇ ನಂಬರ?" ಎಂದು ಕರ್ಚೀಪಿನಿಂದ ತಿಕ್ಕಿದ. ನೇರಳೆ ಔಷಧದ ಗುಣ ಗೊತ್ತಿದ್ದವರು ಅದನ್ನು ಒಣ ಬಟ್ಟೆಯಿಂದ ತಿಕ್ಕುವುದಿಲ್ಲ. ಕಿವಿಯಿಂದ ಕಿವಿಯವರೆಗೆ ಬದನೆಕಾಯಿ ಬಣ್ಣ ಹಬ್ಬಿತು. ಆ ದಿನ ನನಗೆ ನಗು ಬಂದದ್ದು ಅದೊಂದು ಸಲ.

ವ್ಯಾನಿನ ನೆಲದ ಮೇಲೆ ಸೊಸೆ, ಪಕ್ಕದ ಸೀಟಿನ ಮೇಲೆ ಮಗ, ನಡುವೆ ಕುಕ್ಕರಗಾಲಲ್ಲಿ ಅತ್ತೆ. ದಾರಿಯಲ್ಲಿ ಸೊಸೆಯ ಕೈಯ ನರ ಕುಸಿದು ಸೂಜಿ ಜಾರಿತು. ಎರಡು ಸಲ ಚುಚ್ಚಿದರೂ ಸಿಗಲಿಲ್ಲ. ಮಚ್ಛೆ ಹತ್ತಿರ ವ್ಯಾನನ್ನು ಬದಿಗೆ ನಿಲ್ಲಿಸಿ, ಕಣಕಾಲಿನ ಒಳಗಂಟಿನ ಮುಂದೆ ಚರ್ಮ ಕೊಯ್ದು, ನರವನ್ನು ಬಿಡಿಸಿ ತೆಗೆದು ಅದರೊಳಗೇ ನಳಿಕೆ ಕೂರಿಸಿ ದಾರ ಕಟ್ಟಿದೆ. ಅತ್ತೆ ಬಾಟಲಿಯನ್ನು ಎತ್ತಿ ಹಿಡಿದಿದ್ದಳು. ಬೆಳಗಾವಿ ತಲುಪುವವರೆಗೂ ಇಳಿಸಲಿಲ್ಲ. ಟಿಳಕವಾಡಿಯ ರೈಲ್ವೆ ಗೇಟು ಹಾಕಿತ್ತು. ಹಿಂದೆ ಬಂದ ಸಾಹುಕಾರನ ಕಾರು ಹಾರ್ನ್ ಹೊಡೆಯುತ್ತ ಬಾಜೂಕ್ಕೆ ನಿಂತು, ಗೇಟು ಏಳುತ್ತಿದ್ದಂತೆ ನಮ್ಮನ್ನು ದಾಟಿ ಹೋಯಿತು.

ನಾವು ತಲುಪಿದಾಗ ಅವನು ದೊಡ್ಡ ಡಾಕ್ಟರ ಕೋಣೆಯಲ್ಲಿ ಕೂತು ಚಹಾ ಬೇಡವೆನ್ನುತ್ತಿದ್ದ. ಅವನ ಕೈ ಕೂರಿಸಲೆಂದು ಆಪರೇಷನ್ ಥಿಯೇಟರ್ ತೆರೆದಿತ್ತು, ಕಾರ್ಖಾನೆಯಿಂದಲೇ ಅವನು ಫೋನ್ ಮಾಡಿಸಿದ್ದರಿಂದ ಅರಿವಳಿಕೆ ಡಾಕ್ಟರು ಸ್ಕೂಟರ್ ಮೇಲೆ ಬಂದೂ ಆಗಿತ್ತು. ಅವನಿಂದ ನಮಗಾದ ಉಪಕಾರ ಅದೊಂದೇ, ಅದನ್ನು ನಾನು ಪೂರ್ತಿ ಬಳಸಿಕೊಂಡೆ.

ದೊಡ್ಡ ಡಾಕ್ಟರು ವರಾಂಡಕ್ಕೆ ಬಂದು ವ್ಯಾನಿನೊಳಗೆ ನೋಡಿದರು. "ಇವೆರಡೂ ಪೋಲೀಸ್ ಕೇಸು. ಸರ್ಕಾರಿ ದವಾಖಾನಿಗೆ ಕಳಸ್ರಿ. ನಾ ಎಷ್ಟ ಸಲ ಹೇಳೇನಿ ನಿಮಗ?"

"ಸರ್, ಇನ್ನೊಂದ್ಸಲ ಎತ್ತಿ ಇಳಿಸಿದ್ರ ಈಕಿ ಉಳಿಯೂದಿಲ್ಲ."

ನನ್ನ ತುರ್ತು ಕೋಣೆಯಲ್ಲಿ ಅವಳನ್ನು ಮಲಗಿಸಿ ಹೊಟ್ಟೆಯ ಎಡಗಡೆಗೆ ದಪ್ಪ ಸೂಜಿ ಹಾಕಿದೆ. ಸಿರಿಂಜ್ ತಾನಾಗಿಯೇ ತುಂಬಿತು. ಕಪ್ಪಗಿನ ರಕ್ತವನ್ನು ಗಾಜಿನ ನಳಿಕೆಗೆ ಸುರಿದು ಅವರ ಮುಖದ ಮುಂದೆ ಹಿಡಿದೆ. ನರಕ್ಕೆ ಚುಚ್ಚಿ ತೆಗೆದ ರಕ್ತ ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಹೊಟ್ಟೆಯಲ್ಲಿ ಸೋರಿ ನಿಂತದ್ದು ಕಟ್ಟುವುದಿಲ್ಲ. ಇದು ಕಟ್ಟಲಿಲ್ಲ. ನಲವತ್ತರ ಮೇಲಿನ ಆ ಸರ್ಜನ್ನರಿಗೆ ನಾನು ವಿವರಿಸಬೇಕಾಗಿರಲಿಲ್ಲ.

"ತಿಳೀತು," ಎಂದರು. ದನಿ ತಗ್ಗಿತ್ತು. "ಆದ್ರ ಥಿಯೇಟರ್ ಅವರಿಗೆ ತಯಾರಾಗೈತಿ. ಹಳೇ ದೋಸ್ತ ಅಂವ ನನಗ. ಅರ್ಧಾ ತಾಸಿನ ಕೆಲಸ, ಆಮ್ಯಾಲ ನೋಡೂಣು."

"ಅರ್ಧಾ ತಾಸು ಈಕೀ ಕಡೆ ಇಲ್ರಿ."

ಅವರು ಗೆಳೆಯನಿಗೆ ಸಮಾಧಾನ ಹೇಳಲು ಒಳಗೆ ಹೋದರು. ಆ ಕ್ಷಣ ನಾನು ಮಾಡಿದ್ದನ್ನು ಸೈನ್ಯದಲ್ಲಿ ಮಾಡಿದ್ದರೆ ಕೋರ್ಟ್ ಮಾರ್ಷಲ್ ಆಗುತ್ತಿತ್ತು. ಡ್ರೈವರನಿಗೂ ಸಿಸ್ಟರಿಗೂ ಕಣ್ಸನ್ನೆ ಮಾಡಿದೆ. ಮೂವರೂ ಸೇರಿ ಅವಳನ್ನು ಹೊದಿಕೆ ಸಮೇತ ಎತ್ತಿ ಥಿಯೇಟರಿನ ಮೇಜಿನ ಮೇಲೆ ಮಲಗಿಸಿದೆವು. ಅರಿವಳಿಕೆ ಡಾಕ್ಟರು, "ಕೈ ಕೇಸು ಅಂದಿದ್ರಲ್ಲ?" ಎಂದರು. "ಹೊಟ್ಟಿ ಕೇಸು," ಎಂದೆ. ಅವರು ಅವಳ ಕಣ್ಣೆವೆ ಎಳೆದು ನೋಡಿದರು. ಕಾಗದದ ಹಾಗೆ ಬಿಳುಪು. ಅರಿವಳಿಕೆಯ ಮುಖವಾಡ ಕೈಗೆತ್ತಿಕೊಂಡರು.

ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಕೆಂಪಾದರು. "ಇಳಸ್ರಿ ಆಕೀನ್ನ. ಇದು ನನ್ನ ಥಿಯೇಟರ್!"

"ನೀವ ಇಳಸ್ರಿ ಸರ್. ನನ್ನ ಕೈಲೆ ಆಗೂದಿಲ್ಲ."

ಅವರ ಹಿಂದೆಯೇ ಸಾಹುಕಾರ ಬಂದಿದ್ದ. ನನ್ನ ಜೊತೆ ಮಾತಾಡುವುದು ದಂಡವೆಂದು ತಿಳಿದು ಹೊರಗೆ ಗೋಡೆಗೆ ಒರಗಿ ನಿಂತಿದ್ದ ಅತ್ತೆಯ ಕಡೆ ತಿರುಗಿದ. ಅವಳು ಅವನ ಕಾರ್ಖಾನೆಯ ಕೂಲಿಯವಳು. ಅವಳ ಒಲೆ ಉರಿಯುವುದು ಅವನ ಭಟ್ಟಿಯಿಂದ. "ಏಯ್, ನಿನ್ನ ಸೊಸಿನ್ನ ಹೊರಗ ಕರಕೊಂಬಾ. ಸರ್ಕಾರಿ ದವಾಖಾನಿಗೆ ಕಾರ ಕೊಡ್ತೀನಿ, ಹೋಗ್ರಿ," ಎಂದ.

ಅವಳು ಹೂಂ ಎಂದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಮನೆಯವರೇ ಬೇಡವೆಂದ ರೋಗಿಯನ್ನು ಯಾವ ಡಾಕ್ಟರೂ ಇಟ್ಟುಕೊಳ್ಳುವಂತಿಲ್ಲ.

ಅತ್ತೆ ಬಂದು ಬಾಗಿಲಿಗೆ ಅಡ್ಡ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಇಲ್ರೀ ಸಾಹುಕಾರ್ರ. ನನ್ನ ಸೊಸಿಗೆ ಒಂದ ಗೆರಿ. ನನ್ನ ಮಗಗ ಎರಡು. ನಿಮಗ ಮೂರು. ನೀವು ಅಳಿಸಿಕೊಂಡ್ರೂ ಮೂರ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಕಾಯಾಕತ್ತಾನ, ನೀವೂ ಕಾಯ್ರಿ."

ವರಾಂಡದಲ್ಲಿದ್ದ ರೋಗಿಗಳೆಲ್ಲ ತಿರುಗಿ ಸಾಹುಕಾರನ ನೇರಳೆ ಹಣೆ ನೋಡಿದರು. ಅವನು ಕರ್ಚೀಪಿಗೆ ಜೇಬು ತಡಕಾಡಿದ, ಬಲಗೈ ರಟ್ಟಿನಲ್ಲಿತ್ತು. ದೊಡ್ಡ ಡಾಕ್ಟರು ಗೆಳೆಯನ ಹೆಗಲು ತಟ್ಟಿ, "ಕುಂದ್ರು ಸ್ವಲ್ಪ," ಎಂದು ಕೈ ತೊಳೆಯುವ ತೊಟ್ಟಿಯ ಕಡೆ ನಡೆದರು. ಮನುಷ್ಯ ಹೇಗೇ ಇರಲಿ, ಕೈ ಮಾತ್ರ ಬಂಗಾರದ್ದು. ಅದನ್ನು ನಾನು ಅವತ್ತೂ ಅಲ್ಲಗಳೆಯಲಿಲ್ಲ, ಇವತ್ತೂ ಇಲ್ಲ.

ಹೊಟ್ಟೆ ತೆರೆದಾಗ ರಕ್ತ ಉಕ್ಕಿ ಮೇಜಿನಿಂದ ಇಳಿಯಿತು. ಅವರು ಒಂದೇ ಸಲ ಕೈಹಾಕಿ ಗುಲ್ಮದ ಬುಡವನ್ನು ಬೆರಳುಗಳ ನಡುವೆ ಹಿಡಿದರು. ಸೋರುವುದು ನಿಂತಿತು, ಆದರೆ ನಾಡಿ ಸಿಗುತ್ತಿಲ್ಲವೆಂದರು ಅರಿವಳಿಕೆ ಡಾಕ್ಟರು. ಹೊರಗಿನಿಂದ ರಕ್ತ ತರಿಸುವಷ್ಟು ಹೊತ್ತು ಇರಲಿಲ್ಲ.

"ಸರ್, ಕರುಳು ಗಟ್ಟಿ ಐತೇನ್ರಿ? ಎಲ್ಲೂ ಹರದಿಲ್ಲ?"

ಅವರು ಇಡೀ ಕರುಳನ್ನು ಬೆರಳಾಡಿಸಿ ನೋಡಿದರು. "ಇಲ್ಲ. ಗಟ್ಟಿ ಐತಿ."

"ಹಂಗಾರ ಆಕೀ ರಕ್ತ ಆಕೀಗೇ ಕೊಡೂಣು."

ಮುಖವಾಡದ ಅಂಚಿನ ಮೇಲಿನಿಂದ ಅವರು ನನ್ನನ್ನು ದಿಟ್ಟಿಸಿದರು. ಬೇಡ ಎನ್ನಲಿಲ್ಲ. ಕುದಿಸುವಷ್ಟು ಹೊತ್ತಿರಲಿಲ್ಲ, ಸಿಸ್ಟರ್ ಅಡಿಗೆಮನೆಯ ಸ್ಟೀಲಿನ ಸೌಟಿಗೆ ಸ್ಪಿರಿಟ್ ಸುರಿದು ಬೆಂಕಿ ಹಚ್ಚಿ ಶುದ್ಧ ಮಾಡಿ ತಂದಳು. ಹೊಟ್ಟೆಯಲ್ಲಿ ನಿಂತ ರಕ್ತವನ್ನು ಸೌಟಿನಿಂದ ಎತ್ತಿ, ಎಂಟು ಪದರದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದ ಹಾಗೆ ಔಷಧ ಹಾಕಿದ ಬಾಟಲಿಗೆ ತುಂಬಿದೆವು. ಒಂದು ಬಾಟಲಿ ಕಾಲಿನ ನಳಿಕೆಯಿಂದ ಒಳಗೆ ಹೋಯಿತು, ಇನ್ನೊಂದು ಹೋಯಿತು. ಮೂರನೆಯದು ಅರ್ಧಕ್ಕೆ ಬಂದಾಗ, "ಸಿಕ್ತು," ಎಂದರು ಅರಿವಳಿಕೆ ಡಾಕ್ಟರು. ದೊಡ್ಡ ಡಾಕ್ಟರು ಗುಲ್ಮವನ್ನು ತೆಗೆದು ತಟ್ಟೆಗೆ ಹಾಕಿದರು. ನನಗೆ ಅಳು ಬಂತು. ಮುಖವಾಡ ಇತ್ತು, ಯಾರಿಗೂ ಕಾಣಲಿಲ್ಲ.

ಆಮೇಲೆ ಎರಡು ಗೆರೆಯವನ ಕಾಲು. ಗಾಯ ತೊಳೆದು, ಸತ್ತ ಮಾಂಸ ತೆಗೆದು, ಎಲುಬು ಕೂರಿಸಿದೆವು. ಕಾಲು ಉಳಿಯಿತು. ಸಾಹುಕಾರನ ಸರದಿ ಬಂದಾಗ ಅವನು ಹೊರಗೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಅವನ ಕೈಯೂ ಚೆನ್ನಾಗಿಯೇ ಕೂಡಿಕೊಂಡಿತು. ಕಾಯ್ದದ್ದರಿಂದ ಅವನಿಗೆ ನಷ್ಟವಾದದ್ದು ಮರ್ಯಾದೆ ಮಾತ್ರ.

ಮರುದಿನ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಹೊಗಳುವುದಕ್ಕಲ್ಲ.

"ಇನ್ನ ಮುಂದ ಹಣಿ ಮ್ಯಾಲ ಬರಿಯೂದು ಬ್ಯಾಡ. ಇದು ಮಿಲಿಟರಿ ಅಲ್ಲ, ಇಲ್ಲಿ ಮಂದಿ ಮರ್ಯಾದಿ ನೋಡಬೇಕಾಕ್ಕೈತಿ. ಆ ಖೋಲಿನೂ ಬಂದ್ ಮಾಡ್ರಿ. ಹೆರಿಗಿ ಕಡೆ ಲಕ್ಷ್ಯ ಕೊಡ್ರಿ."

"ಖೋಲಿ ಬಂದ್ ಆದ್ರ ನಾನೂ ಇರೂದಿಲ್ರಿ," ಎಂದೆ. "ಮತ್ತ, ಬರಿಯೂದಂತೂ ಬಿಡೂದಿಲ್ಲ. ಕುಂಕುಮದ ಬಾಜೂಕ ಬರೀತೀನಿ, ವಿಭೂತಿ ಮ್ಯಾಲ ಬರೀತೀನಿ, ಆದ್ರ ಬರೀತೀನಿ."

ಅವರು ಮುಂದಿನ ರೋಗಿಯ ಕಾಗದ ಎಳೆದುಕೊಂಡರು. ನಾಲ್ಕು ದಿನ ನಾನು ಚೀಲ ಕಟ್ಟಿಟ್ಟುಕೊಂಡೇ ಕೆಲಸಕ್ಕೆ ಹೋದೆ.

ಐದನೆಯ ದಿನ ಬೆಳಿಗ್ಗೆ ನಾನೂ ದೊಡ್ಡ ಡಾಕ್ಟರೂ ವಾರ್ಡಿನಲ್ಲಿ ಸುತ್ತುತ್ತಿದ್ದೆವು. ಸೊಸೆ ಮೊದಲ ಸಲ ಎದ್ದು ಕೂತಿದ್ದಳು. ಬಾಜೂ ಮಂಚದಲ್ಲಿ ಗಂಡ, ಕಾಲಿಗೆ ಪ್ಲಾಸ್ಟರ್. ಅತ್ತೆ ಗಂಜಿ ಕುಡಿಸುತ್ತಿದ್ದಳು, ಮಗನಿಗಲ್ಲ, ಸೊಸೆಗೆ. ಹಣೆಯ ಗೆರೆ ಮಾಸಿದ್ದರೂ ಇನ್ನೂ ಕಾಣುತ್ತಿತ್ತು. ದೊಡ್ಡ ಡಾಕ್ಟರು ಅದನ್ನು ಬೆರಳಲ್ಲಿ ತೋರಿಸಿ, "ಸಿಸ್ಟರ್, ಸ್ಪಿರಿಟ್ ಹಚ್ಚಿ ಅದನ್ನ ಅಳಸ್ರಿ. ಚಂದ ಕಾಣವಲ್ದು," ಎಂದರು.

ಸಿಸ್ಟರ್ ಹತ್ತಿ ತೋಯಿಸಿಕೊಂಡು ಬಂದಳು. ಅತ್ತೆ ಗಂಜಿಯ ಬಟ್ಟಲು ಕೆಳಗಿಟ್ಟು, ಅಂಗೈಯಿಂದ ಸೊಸೆಯ ಹಣೆಯನ್ನು ಮುಚ್ಚಿದಳು.

"ಮುಟ್ಟಬ್ಯಾಡ್ರಿ," ಎಂದಳು. "ನಮ್ಮ ಮನ್ಯಾಗ ಈಕಿ ಎಲ್ಲಾರ ಉಂಡ ಮ್ಯಾಲ ಉಣ್ಣಾಕಿ. ಎಲ್ಲಾರ ಮಲಗಿದ ಮ್ಯಾಲ ಮಲಗಾಕಿ. ನಾನ ಹಂಗ ಇಟ್ಟೀನಿ. ಹುಟ್ಟಿದಾಗಿಂದ ಒಮ್ಮೆರ ಮೊದಲ ನಂಬರ ಬಂದೈತಿ ಆಕೀಗೆ. ತಾನ ಹೋಗೂತನಕ ಇರ್ಲಿ."

ಸಿಸ್ಟರ್ ಹತ್ತಿ ಹಿಡಿದುಕೊಂಡೇ ದೊಡ್ಡ ಡಾಕ್ಟರ ಮುಖ ನೋಡಿದಳು. ಅವರು ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ.

"ಇರ್ಲಿ ಬಿಡ್ರಿ," ಎಂದು ಅವರು ಮುಂದಿನ ಮಂಚಕ್ಕೆ ಹೋದರು.

ಸಂಜೆ ನನ್ನ ತುರ್ತು ಕೋಣೆಗೆ ಹೋಗಿ ನೋಡಿದೆ. ಮುರಿದ ಮಂಚಗಳನ್ನು ಯಾರೂ ವಾಪಸು ತಂದಿಟ್ಟಿರಲಿಲ್ಲ. ನೇರಳೆ ಔಷಧದ ಸೀಸೆ ತಳ ಕಂಡಿತ್ತು, ಅದನ್ನು ತುಂಬಿಸಿ ಇಟ್ಟೆ.